ಕಾವಲಿದೆ, ಕಾವಲುಗಾರನಿದ್ದಾನೆಯೇ?

ಮಾನವ ಜೀವಕೋಶದ ಕೇಂದ್ರದಲ್ಲಿ ಡಿಎನ್‌ಎಯನ್ನು ಹಿಡಿದು ಕೆಲಸ ಮಾಡುವ, 1979ರಲ್ಲಿ ಗುರುತಿಸಲಾದ ಪಿ53 ಎಂಬ ಪ್ರೋಟೀನನ್ನು ವಿಜ್ಞಾನಿಗಳು ‘ಜೀನೋಮಿನ ಕಾವಲುಗಾರ’ ಎಂದು ಕರೆಯುವಾಗ, ಅರಿವಿಲ್ಲದ ವಸ್ತುವಿಗೆ ಉದ್ದೇಶ ಇರಬಲ್ಲುದೇ ಎಂಬ ಹಳೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ. 393 ಅಮೈನೋ ಆಮ್ಲಗಳ ಈ ಸರಪಳಿಯನ್ನು ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನು ಸಾಮಾನ್ಯ ಸ್ಥಿತಿಯಲ್ಲಿ ನಾಶಕ್ಕೆ ಗುರಿಮಾಡುತ್ತಲೇ ಇರುತ್ತದೆ. ಡಿಎನ್‌ಎ ತುಂಡಾದಾಗ ಆ ಹಿಡಿತ ಸಡಿಲಗೊಂಡು, ಪಿ53ರ ನಾಲ್ಕು ಪ್ರತಿಗಳು ಒಂದುಗೂಡಿ, ಕೋಶದ ವಿಭಜನೆಯನ್ನು ತಡೆಯುವ ಜೀನುಗಳನ್ನೋ, ಹಾನಿ ಮಿತಿಮೀರಿದ್ದರೆ ಕೋಶವು ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುವ ‘ಅಪೊಪ್ಟೋಸಿಸ್’ನ ಜೀನುಗಳನ್ನೋ ಚಾಲನೆಗೊಳಿಸುತ್ತವೆ.

ಆ ಹಳೆಯ ಪ್ರಶ್ನೆಗೆ ಉತ್ತರವಾಗಿ, ಅಚೇತನವಾದ ಹಾಲು ಕರುವಿಗಾಗಿ ಹರಿಯುವಂತೆ ಜಡಪ್ರಕೃತಿಯು ಪುರುಷನಿಗಾಗಿ, ಎಂದರೆ ಚೇತನನಾದ ಆತ್ಮನಿಗಾಗಿ, ಪ್ರವರ್ತಿಸುತ್ತದೆಂದು ಸಾಂಖ್ಯದರ್ಶನದ ಗ್ರಂಥವಾದ ಸಾಂಖ್ಯಕಾರಿಕೆ ಹೇಳಿದರೆ, ಹಾಲನ್ನು ಹರಿಸುವುದು ಚೇತನವಾದ ಹಸುವಿನ ವಾತ್ಸಲ್ಯವೇ ಎಂದು ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಆಕ್ಷೇಪಿಸುತ್ತಾರೆ. ಪಿ53ರ ಹಿಂದೆ ಅಂತಹ ಹಸುವೊಂದನ್ನು ಹುಡುಕುವುದು ಕಷ್ಟ. ಇಂತಹ ರಕ್ಷಣೆಯಿದ್ದ ಜೀವಿಗಳೇ ಹೆಚ್ಚು ಸಂತತಿಯನ್ನು ಉಳಿಸಿಹೋದವೆಂಬ ನಿಸರ್ಗದ ಆಯ್ಕೆಯ ವಿವರಣೆ ಸಾಂಖ್ಯಕ್ಕೇ ಹತ್ತಿರವೆಂದು ತೋರುತ್ತದೆ, ಆದರೆ ಅದರಲ್ಲಿ ಪುರುಷನಿಗೆ ಸ್ಥಾನವಿಲ್ಲ. ಅಷ್ಟೇ ಅಲ್ಲ, ಅದೇ ಆಯ್ಕೆ ದೇಹದೊಳಗೆ ಈ ಪ್ರೋಟೀನನ್ನು ಕಳೆದುಕೊಂಡ ಕೋಶಗಳ ಪರವಾಗಿಯೂ ನಿಲ್ಲುತ್ತದೆ: ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪಿ53ರ ಜೀನು ಕೆಟ್ಟಿರುತ್ತದೆ. ಆದ್ದರಿಂದ ‘ಕಾವಲುಗಾರ’ ಎಂಬುದು ಉಪಯುಕ್ತವಾದ ಆರೋಪವೇ ಹೊರತು ತತ್ತ್ವವಲ್ಲ.