ಕಾಣದವರಿಗೆ ಕೊಟ್ಟ ದಾನ

 

ದಾನ ಎಂದರೇನು ಎಂದು ತರಗತಿಯಲ್ಲಿ ಕೇಳಿದರೆ ನನ್ನ ವಿದ್ಯಾರ್ಥಿಗಳು ಅನ್ನ, ಬಟ್ಟೆ, ದುಡ್ಡು ಎನ್ನುತ್ತಾರೆ. ಒಬ್ಬಿಬ್ಬರು ರಕ್ತ ಎಂದೂ ಸೇರಿಸುತ್ತಾರೆ. ಇಂದು ಇನ್ನೊಂದು ದಾನವನ್ನು ನೆನೆಯೋಣ.

ಹೃದಯಾಘಾತಕ್ಕೆ ಕಾರಣವೇನೆಂದು ವೈದ್ಯರಿಗೇ ಸರಿಯಾಗಿ ತಿಳಿಯದ ಕಾಲ. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಒಂದು ಅಧ್ಯಯನ ಶುರುವಾಯಿತು. ಊರಿನ 5,209 ಹೆಂಗಸರು, ಗಂಡಸರು ಎರಡು ವರ್ಷಕ್ಕೊಮ್ಮೆ ತಪಾಸಣೆಗೆ ಬಂದರು. ಅಲ್ಲಿ ಚಿಕಿತ್ಸೆ ಕೊಡುತ್ತಿರಲಿಲ್ಲ. ದೇಹದ ಲೆಕ್ಕ ಬರೆದುಕೊಳ್ಳುತ್ತಿದ್ದರು, ಅಷ್ಟೇ. ಮುಂದೆ ಅವರ ಮಕ್ಕಳು, ಮೊಮ್ಮಕ್ಕಳೂ ಬಂದರು. ಬಿ.ಪಿ., ಕೊಲೆಸ್ಟರಾಲ್, ಸಿಗರೇಟು ಹೃದಯಕ್ಕೆ ಅಪಾಯ ಎಂದು ಇಂದು ನಮ್ಮೂರಿನ ಡಾಕ್ಟರು ಹೇಳುವ ಮಾತಿನ ಹಿಂದೆ ಅವರ ತಾಳ್ಮೆಯಿದೆ.

ಆದರೆ ಆ ಮೊದಲ ಪಟ್ಟಿಯಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಬಿ.ಪಿ.ಯಿಂದ ಹೆಚ್ಚು ನರಳುವ ಕಪ್ಪು ಜನರ ಲೆಕ್ಕ ಅದರಲ್ಲಿರಲಿಲ್ಲ.

ಅವರನ್ನು ಕರೆಯುವುದೂ ಸುಲಭವಿರಲಿಲ್ಲ. 1932ರಿಂದ 1972ರವರೆಗೆ ಟಸ್ಕೀಗಿಯಲ್ಲಿ ಸಿಫಿಲಿಸ್ ಇದ್ದ ಸುಮಾರು 400 ಕಪ್ಪು ಗಂಡಸರಿಗೆ, ಮದ್ದು ಬಂದ ಮೇಲೂ ಮದ್ದು ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ಸರ್ಕಾರದ ವೈದ್ಯರು ನೋಡುತ್ತಾ ಕುಳಿತಿದ್ದರು. ಆ ಗಾಯ ಮಾಯುವಂಥದ್ದಲ್ಲ. ಆದರೂ ಮಿಸ್ಸಿಸ್ಸಿಪ್ಪಿಯ ಜಾಕ್ಸನ್ ಊರಿನ ಆಸುಪಾಸಿನಲ್ಲಿ 2000ರಿಂದ 2004ರೊಳಗೆ 5,306 ಮಂದಿ ಕಪ್ಪು ಜನರು ಹೃದಯದ ಅಧ್ಯಯನಕ್ಕೆ ಹೆಸರು ಕೊಟ್ಟರು. ಮೊದಲು ಸಮುದಾಯದವರ ಅನುಮಾನಗಳನ್ನು ಕೇಳಿಸಿಕೊಂಡೇ ಅಲ್ಲಿ ಕೆಲಸ ಶುರುವಾಗಿತ್ತು.

ಎಲ್ಲರೂ ಹೇಳುತ್ತಾರೆಂದು, ಗುರು ಹೇಳಿದನೆಂದು ಒಪ್ಪಬೇಡಿ, ಒಳಿತೆಂದು ನೀವೇ ಕಂಡುಕೊಂಡು ನಡೆಯಿರಿ ಎಂದು ಭಗವಾನ್ ಬುದ್ಧರು ಕಾಲಾಮರಿಗೆ ತಿಳಿಸಿದರು. ಜಾಕ್ಸನ್ನಿನ ಜನರಲ್ಲಿ ನನಗೆ ಆ ಮಾತೇ ಕಾಣುತ್ತದೆ. ಮೋಸವನ್ನು ಮರೆತು ಕೊಟ್ಟ ದಾನವಲ್ಲ ಅದು, ಕಣ್ತೆರೆದು ಕೊಟ್ಟದ್ದು. ಪಡೆಯುವವರು ಇನ್ನೂ ಹುಟ್ಟದ ಮಕ್ಕಳು.

ಶತಮಾನಗಳ ಕಾಲ ಲೆಕ್ಕಕ್ಕೇ ಇಲ್ಲದವರಾಗಿದ್ದ ನಮಗೆ ಇದು ದೂರದ ಕಥೆಯಲ್ಲ. ನಾಳೆ ಯಾರಾದರೂ ಆರೋಗ್ಯ ಅಧ್ಯಯನಕ್ಕೆಂದು ನಮ್ಮ ಕೇರಿಗೆ ಬಂದರೆ ಬಾಗಿಲು ಹಾಕುವುದೂ ಬೇಡ, ಓದದೆ ಹೆಬ್ಬೆಟ್ಟು ಒತ್ತುವುದೂ ಬೇಡ. ಏನು, ಯಾಕೆ, ಯಾರಿಗೆ ಲಾಭ, ನಡುವೆ ಬಿಟ್ಟುಹೋಗಬಹುದೇ ಎಂದು ಕೇಳೋಣ. ಉತ್ತರ ಸಮಾಧಾನ ತಂದರೆ ಕೈ ಚಾಚೋಣ.

ಈ ವಾರ ಮನೆಯ ಹಿರಿಯರ ಬಿ.ಪಿ. ತಪಾಸಣೆ ಮಾಡಿಸಿ. ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.