ಎದೆ ರೆಡಿ, ಕಾಲು ಇನ್ನೂ ಇಲ್ಲ

ಮೂರು ವರ್ಷದಿಂದ ವೀಕೆಂಡ್ ಬಂದರೆ ಊರಾಚೆಯ ಒಂದು ಲಾಯಕ್ಕೆ ಹೋಗಿ ಕುದುರೆ ಸವಾರಿ ಮಾಡ್ತೀನಿ. ಹೋದ ವರ್ಷ 40 ಕಿಲೋಮೀಟರ್‌ನ ಎಂಡ್ಯೂರೆನ್ಸ್ ಸ್ಪರ್ಧೆಗೆ ಇಳಿಯೋ ಹುಚ್ಚು ಹತ್ತಿತು. ಇದು ರೇಸ್‌ಕೋರ್ಸಿನ ಓಟದಂತಲ್ಲ, ದೂರದ ಓಟ. ನಡುವೆ ಪಶುವೈದ್ಯರು ಪರೀಕ್ಷಿಸ್ತಾರೆ. ಕೊಟ್ಟ ಸಮಯದೊಳಗೆ ಕುದುರೆಯ ಎದೆಬಡಿತ ಇಳಿಯಬೇಕು, ಸಾಮಾನ್ಯವಾಗಿ ನಿಮಿಷಕ್ಕೆ 64ಕ್ಕೆ. ಕುಂಟಲೂಬಾರದು. ಇಲ್ಲದಿದ್ದರೆ ನಿಮ್ಮ ಆಟ ಅಲ್ಲಿಗೇ ಮುಗೀತು.

ನನ್ನ ಪಾಲಿಗೆ ಬಂದದ್ದು ಒಂದು ಕಂದು ಹೆಣ್ಣು ಕುದುರೆ. ಸ್ವಲ್ಪ ನಡಿಗೆ, ಸ್ವಲ್ಪ ಟ್ರಾಟ್, ಮತ್ತೆ ನಡಿಗೆ. ವಾರವಾರ ದೂರ ಏರಿಸೋದು. ಎರಡೇ ತಿಂಗಳಲ್ಲಿ ಅದರ ಎದೆಬಡಿತ ಐದು ನಿಮಿಷಕ್ಕೆಲ್ಲ ಇಳಿಯತೊಡಗಿತು. ನನ್ನ ಎಕ್ಸೆಲ್ ಶೀಟ್ ಪೂರಾ ಹಸಿರು.

"ಎದೆ ರೆಡಿ ಇದೆ ಸಾರ್, ಕಾಲು ಇನ್ನೂ ಇಲ್ಲ" ಅಂದ್ರು ಲಾಯದ ಮೇಷ್ಟ್ರು. ಹೃದಯ ಕೆಲವು ವಾರಗಳಲ್ಲೇ ಪಳಗುತ್ತೆ. ಮೂಳೆ ಮತ್ತು ಅದಕ್ಕೆ ಸ್ನಾಯುವನ್ನು ಕಟ್ಟುವ ಸ್ನಾಯುರಜ್ಜು ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು. ನಾನು ಕೇಳಲಿಲ್ಲ. ಒಂದು ಭಾನುವಾರ ಗಟ್ಟಿ ನೆಲದ ಮೇಲೆ ದೂರ, ವೇಗ ಎರಡನ್ನೂ ಏರಿಸಿದೆ. ಕುದುರೆ ಕಿವಿ ಮುಂದಿಟ್ಟು ಖುಷಿಯಿಂದಲೇ ಓಡಿತು. ಮರುದಿನ ಮುಂಗಾಲು ಊದಿತ್ತು, ಮುಟ್ಟಿದರೆ ಬಿಸಿ. ಆರು ತಿಂಗಳು ಜೀನು ಹಾಕುವಂತಿರಲಿಲ್ಲ.

"ನನ್ನ ಮಂಡಿನೂ ಹೋಗಿತ್ತು, ಬಿಡೋ" ಅಂದ ಮ್ಯಾರಥಾನ್ ಓಡೋ ಗೆಳೆಯ. ಆದರೆ ಅವನ ಮಂಡಿ ಅವನದು, ಫಾರ್ಮ್ ತುಂಬಿದ್ದೂ ಅವನೇ. ಕುದುರೆಗೂ ಓಡೋದು ಇಷ್ಟ ಅಂತೀವಿ. ಸುಳ್ಳೇನಲ್ಲ. ಅದಕ್ಕೆ ಇಷ್ಟವಾದದ್ದು ಆ ಹೊತ್ತಿನ ಓಟ. ನಾಳೆಯ ಕಾಲಿನ ಲೆಕ್ಕ ಗೊತ್ತಿದ್ದದ್ದು ನನಗೆ. ಅದರ ಉತ್ಸಾಹವನ್ನೇ ಒಪ್ಪಿಗೆ ಅಂತ ತಿಳಿದದ್ದು ನನ್ನ ಅನುಕೂಲಕ್ಕೆ.

ಹಾಗಾದ್ರೆ ಸ್ಪರ್ಧೆಯೇ ತಪ್ಪಾ? ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ಶುರುವಾದ ಟೆವಿಸ್ ಕಪ್ ಇದೆ: 24 ಗಂಟೆಯೊಳಗೆ 100 ಮೈಲಿ ಬೆಟ್ಟದ ದಾರಿ. ಅಲ್ಲಿ ಮೊದಲು ಬಂದವರ ಕಪ್ ಜೊತೆಗೆ ಹ್ಯಾಗಿನ್ ಕಪ್ ಅಂತ ಇನ್ನೊಂದಿದೆ. ಮೊದಲ ಹತ್ತರಲ್ಲಿ ಬಂದ ಕುದುರೆಗಳಲ್ಲಿ ಯಾವುದು ಅತ್ಯುತ್ತಮ ಸ್ಥಿತಿಯಲ್ಲಿದೆಯೋ ಅದಕ್ಕೆ. ನೋಡೋದು ಮರುದಿನ. ಆ ಕಪ್ಪಿನಿಂದಲೂ ಕುದುರೆಗೆ ಬರೋದೇನಿಲ್ಲ, ನಿಜ. ಆದರೂ ಅಲ್ಲಿ ಯಾರೋ ಸರಿಯಾದ ದಿನ ಬಂದು ಕಾಲು ಮುಟ್ಟಿ ನೋಡ್ತಾರೆ.

ನನ್ನ ಕುದುರೆ ಈಗ ಕುಂಟುತ್ತಿಲ್ಲ. ಈ ವರ್ಷ ಸ್ಪರ್ಧೆಗೆ ಹೆಸರು ಕೊಟ್ಟಿಲ್ಲ. ಸೋಮವಾರ ಆಫೀಸಿಗೆ ತಡವಾದರೂ ಸರಿ, ಮೊದಲು ಲಾಯಕ್ಕೆ ಹೋಗಿ ಆ ಮುಂಗಾಲು ಮುಟ್ಟಿ ನೋಡ್ತೀನಿ.