ಉಳಿಯಬೇಕಾದ್ದು ಮೊದಲು

2025ರ ಅಕ್ಟೋಬರ್ ಕೊನೆಯಲ್ಲಿ ಕಂಪ್ಯೂಟರ್ ಹವ್ಯಾಸಿಯೊಬ್ಬರು ವಿಂಡೋಸ್ 7 ಅನ್ನು ಕೆತ್ತಿ ಕೆತ್ತಿ 69 ಎಂಬಿಗೆ ಇಳಿಸಿದರು. 2009ರಲ್ಲಿ ಅದು ಬಿಡುಗಡೆಯಾದಾಗ ಹಾರ್ಡ್‌ಡಿಸ್ಕಿನಲ್ಲಿ ಕನಿಷ್ಠ 16 ಜಿಬಿ ಜಾಗ ಬೇಕೆಂದು ಮೈಕ್ರೋಸಾಫ್ಟ್ ಹೇಳಿತ್ತು. ಈ ಪುಟಾಣಿ ವಿಂಡೋಸ್ ಆನ್ ಆಗುತ್ತದೆ, ಪರದೆಯೂ ಮೂಡುತ್ತದೆ. ಆದರೆ ಅದರ ಮೇಲೆ ಹೆಚ್ಚುಕಡಿಮೆ ಯಾವ ಪ್ರೋಗ್ರಾಮೂ ಓಡುವುದಿಲ್ಲ. ಫೈಲ್ ತೆರೆಯುವ, ಸೇವ್ ಮಾಡುವ ಚಿಕ್ಕ ಕಿಟಕಿಗಳನ್ನು ತೋರಿಸುವ ಕಡತಗಳೇ ಅದರಲ್ಲಿಲ್ಲ. ಎಷ್ಟರವರೆಗೆ ಕಳೆಯಬಹುದು ಎಂಬುದಕ್ಕೆ ಇದು ಒಳ್ಳೆಯ ಉತ್ತರ. ಯಾರಿಗಾಗಿ ಕಳೆಯುತ್ತಿದ್ದೇವೆ ಎಂಬುದಕ್ಕೆ ಉತ್ತರವನ್ನು ಬೇರೆಯೇ ಹುಡುಕಬೇಕು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಜನರಿಗೆ ಈ ಪ್ರಶ್ನೆ ದೂರದ್ದೇನಲ್ಲ. ತಾಲ್ಲೂಕು ಕಚೇರಿ ಆಸುಪಾಸಿನ ಝೆರಾಕ್ಸ್ ಅಂಗಡಿಗಳಲ್ಲಿ, ಶಾಲೆಗಳ ಕಂಪ್ಯೂಟರ್ ಕೊಠಡಿಗಳಲ್ಲಿ ಹತ್ತು ಹನ್ನೆರಡು ವರ್ಷ ಹಳೆಯ ಡೆಸ್ಕ್‌ಟಾಪ್‌ಗಳು ಇಂದಿಗೂ ದುಡಿಯುತ್ತಿವೆ. ಬೆಳಿಗ್ಗೆ ಬಾಗಿಲು ತೆಗೆದು ಸ್ವಿಚ್ ಒತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಬಂದರೂ ಸಿಸ್ಟಮ್ ಇನ್ನೂ ತಿರುಗುತ್ತಲೇ ಇರುತ್ತದೆ. ಪಹಣಿಗೆ ಬಂದ ರೈತ, ವಿದ್ಯಾರ್ಥಿವೇತನದ ಅರ್ಜಿ ಹಾಕಲು ಬಂದ ಹುಡುಗಿ ಬೆಂಚಿನ ಮೇಲೆ ಕಾಯುತ್ತಾರೆ. ‘ಹ್ಯಾಂಗ್ ಆಗೈತೆ, ಒಂಚೂರು ಇರಣ್ಣ’ ಎಂಬ ಮಾತು ಅಲ್ಲಿ ದಿನವೂ ಕೇಳುವಂಥದ್ದು.

ಇದರ ನಡುವೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ನಿಂತಿತು. ಪ್ರತ್ಯೇಕವಾಗಿ ನೋಂದಾಯಿಸಿಕೊಂಡವರಿಗೆ ಮಾತ್ರ ಭದ್ರತಾ ಅಪ್‌ಡೇಟ್‌ಗೆ ಒಂದಷ್ಟು ಕಾಲಾವಕಾಶ ಸಿಕ್ಕಿತು. ವಿಂಡೋಸ್ 11 ಹಾಕೋಣವೆಂದರೆ ಅದು 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು, ತನ್ನ ಪಟ್ಟಿಯಲ್ಲಿರುವ ಪ್ರೊಸೆಸರ್ ಎಲ್ಲವನ್ನೂ ಕೇಳುತ್ತದೆ. ಕೀಬೋರ್ಡ್ ಸರಿಯಿದೆ, ಫ್ಯಾನ್ ತಿರುಗುತ್ತಿದೆ, ಪ್ರಿಂಟರ್ ಮಾತು ಕೇಳುತ್ತಿದೆ. ಆದರೂ ಆ ಯಂತ್ರಕ್ಕೆ ವಯಸ್ಸಾಯಿತು ಎಂದು ತೀರ್ಮಾನವಾಗಿಬಿಡುತ್ತದೆ. ಸವೆದದ್ದು ಅದರ ಯಾವ ಭಾಗವೂ ಅಲ್ಲ. ಅದು ಹೊರಬೇಕಾದ ಹೊರೆ ಹೆಚ್ಚಿತು, ಅಷ್ಟೆ.

ಆ ಹೊರೆ ಬೆಳೆದ ಬಗೆಯನ್ನು ನೋಡಿ. 1995ರ ವಿಂಡೋಸ್ 95ಕ್ಕೆ 4 ಎಂಬಿ ರ‍್ಯಾಮ್ ಇದ್ದರೆ ನಡೆಯುತ್ತಿತ್ತು. 2001ರ ಎಕ್ಸ್‌ಪಿ ಕನಿಷ್ಠ 64 ಎಂಬಿ ಕೇಳಿತು. 2021ರ ವಿಂಡೋಸ್ 11 ಕೇಳುವುದು 4 ಜಿಬಿ. ಇಪ್ಪತ್ತಾರು ವರ್ಷಗಳಲ್ಲಿ ಸಾವಿರ ಪಟ್ಟು. ಇದೆಲ್ಲ ದಂಡವೆನ್ನಲಾಗದು. ಬಲವಾದ ಭದ್ರತೆ, ವಿಡಿಯೊ, ನೂರಾರು ಭಾಷೆಗಳ ಲಿಪಿ ಇದರೊಟ್ಟಿಗೇ ಬಂದವು. ಆದರೆ ಪಹಣಿಯೊಂದನ್ನು ಮುದ್ರಿಸಲು ಬೇಡದ ಎಷ್ಟೋ ಸಂಗತಿಗಳೂ ಬಂದು ಕೂತವು.

ಒಳಗಿನ ತಿರುಳು ಚಿಕ್ಕದೇ. 2007ರಲ್ಲಿ ಮೈಕ್ರೋಸಾಫ್ಟ್‌ನ ಎಂಜಿನಿಯರ್ ಎರಿಕ್ ಟ್ರಾಟ್ ವಿಂಡೋಸಿನ ತಿರುಳನ್ನಷ್ಟೇ ಬಿಡಿಸಿ ತೋರಿಸಿದರು. ‘ಮಿನ್‌ವಿನ್’ ಎಂಬ ಅದು ಸುಮಾರು ನೂರು ಕಡತಗಳ, 25 ಎಂಬಿಯ ಗಂಟು. ವಿಂಡೋಸ್‌ಗೆ ಪರ್ಯಾಯವಾದ ಲಿನಕ್ಸ್‌ನ ಬಳಗದಲ್ಲಿ ಹೀಗೆ ಚಿಕ್ಕದಾಗಿಸುವುದಕ್ಕೆ ದೊಡ್ಡ ಪರಂಪರೆಯೇ ಇದೆ. ರಾಬರ್ಟ್ ಶಿಂಗಲ್‌ಡೆಕರ್ ಆರಂಭಿಸಿದ ‘ಟೈನಿ ಕೋರ್’ ಚಿತ್ರಪರದೆಯ ಸಮೇತ ಸುಮಾರು 23 ಎಂಬಿ. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ರೂಪಿಸಿದ ‘ಪಪ್ಪಿ’ ಇಡಿಯಾಗಿ ರ‍್ಯಾಮ್‌ನಲ್ಲೇ ಕೂತು ಓಡುತ್ತದೆ. ‘ಡ್ಯಾಮ್ ಸ್ಮಾಲ್ ಲಿನಕ್ಸ್’ ವಿಸಿಟಿಂಗ್ ಕಾರ್ಡ್ ಗಾತ್ರದ ಸಿಡಿಯಲ್ಲಿ ಹಿಡಿಸಲೆಂದು 50 ಎಂಬಿಯ ಗಡಿ ಹಾಕಿಕೊಂಡಿತ್ತು. 2024ರಲ್ಲಿ ಅದೇ ಹೆಸರು ಮರಳಿ ಬಂದಾಗ ಗಡಿ 700 ಎಂಬಿಗೆ, ಅಂದರೆ ಪೂರ್ಣ ಸಿಡಿಗೆ ಏರಿತ್ತು. ಇಂದಿನ ಬ್ರೌಸರ್ ಒಂದೇ ಹಳೆಯ 50 ಎಂಬಿಯೊಳಗೆ ಹಿಡಿಸದು. ಸರ್ಕಾರದ ಎಷ್ಟೋ ಸೇವೆಗಳು ಬ್ರೌಸರಿನ ಮೂಲಕವೇ ಸಿಗುವ ಕಾಲದಲ್ಲಿ ಅದನ್ನು ಕಿತ್ತು ಗಾತ್ರ ಇಳಿಸಿದೆವೆಂದು ಹಿಗ್ಗುವುದರಲ್ಲಿ ಅರ್ಥವಿಲ್ಲ.

ಚನ್ನಪಟ್ಟಣದ ಲೇತಿನ ಮುಂದೆ ಕೂತ ಕುಶಲಕರ್ಮಿಯನ್ನು ನೋಡಿದವರಿಗೆ ಈ ಮಾತು ಬೇಗ ತಿಳಿಯುತ್ತದೆ. ಒಣಗಿಸಿದ ಆಲೆಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ, ಉಳಿ ತಾಗಿದಲ್ಲೆಲ್ಲ ಬಿಳಿ ಹೊಟ್ಟು ಸುರುಳಿಯಾಗಿ ಹಾರುತ್ತದೆ. ಆಮೇಲೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಬಣ್ಣ ಕರಗಿ ಮರಕ್ಕೆ ಹತ್ತುತ್ತದೆ, ತಾಳೆಗರಿಯಿಂದ ಒರೆಸಿದರೆ ಹೊಳಪೇರುತ್ತದೆ. ಅಷ್ಟು ಮರ ತೆಗೆದರೂ ಅವರ ಕೈ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತದೆ. ಗಿಲಕಿಯ ಹಿಡಿ ಮಗುವಿನ ಮುಷ್ಟಿಗೆ ಒಗ್ಗಬೇಕು, ಚುಚ್ಚಬಾರದು, ಬಾಯಿಗಿಟ್ಟರೆ ಮುರಿಯಬಾರದು. ಎಲ್ಲಿಯವರೆಗೆ ತೆಗೆಯಬೇಕೆಂಬ ಅಳತೆ ಹುಟ್ಟುವುದು ಆ ಮಗುವಿನಿಂದ.

ನಮ್ಮ ಕಂಪ್ಯೂಟರಿಗೂ ಅಂಥದೇ ಅಳತೆ ಬೇಕು. ಡೆಬಿಯನ್‌ನಂಥ ಲಿನಕ್ಸ್‌ನ ತಳಪಾಯವನ್ನಷ್ಟೇ ಹಾಕಿ, ಬೇಕಾದ್ದನ್ನು ಒಂದೊಂದಾಗಿ ಸೇರಿಸುತ್ತ ಹೋಗಬಹುದು. ಹಗುರಾದ ಪರದೆ, ಬ್ರೌಸರ್, ಪ್ರಿಂಟರಿನ ವ್ಯವಸ್ಥೆ, ಪಿಡಿಎಫ್ ತೆರೆಯುವ ಸಾಧನ. ಇಷ್ಟಕ್ಕೇ ನಿಲ್ಲಿಸಿ ಕನ್ನಡದ ಪುಟವೊಂದನ್ನು ತೆರೆದರೆ ಖಾತೆದಾರರ ಹೆಸರಿರಬೇಕಾದ ಜಾಗದಲ್ಲಿ ಖಾಲಿ ಚೌಕಗಳು ಸಾಲಾಗಿ ನಿಂತಿರುತ್ತವೆ. ಕನ್ನಡದ ಫಾಂಟ್ ಬಂದಿರುವುದಿಲ್ಲ. ಡೆಬಿಯನ್‌ನ ಕನ್ನಡ ಫಾಂಟ್ ಕಟ್ಟಿನಲ್ಲಿ ಗುಬ್ಬಿ, ನವಿಲು, ಲೋಹಿತ್ ಇವೆ. ಒಂದೊಂದೂ ಒಂದು ಎಂಬಿಯೊಳಗಿನ ಕಡತ. ಕೆ.ಪಿ. ರಾವ್ ರೂಪಿಸಿದ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೇ ಸಿಗುತ್ತದೆ, ಆರಿಸಿಕೊಂಡರಾಯಿತು. ಬೇರೆ ದೇಶದ ಹವ್ಯಾಸಿಗೆ ಈ ಫಾಂಟು ತೆಗೆದುಹಾಕಬಹುದಾದ ಕಡತ. ಮಾಗಡಿಯ ಅಂಗಡಿಗೆ ಅದಿಲ್ಲದೆ ಕಂಪ್ಯೂಟರೇ ಇಲ್ಲ.

ಈ ವಿವೇಕ ನಮ್ಮ ಪಕ್ಕದ ಬೆಂಗಳೂರಿನಲ್ಲೇ ಒಮ್ಮೆ ಕೆಲಸ ಮಾಡಿದೆ. 2001ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯವರು ಸೇರಿ ‘ಸಿಂಪ್ಯೂಟರ್’ ಎಂಬ ಅಂಗೈ ಕಂಪ್ಯೂಟರನ್ನು ಲೋಕದ ಮುಂದಿಟ್ಟರು. ಅದರೊಳಗೆ ಓಡುತ್ತಿದ್ದುದು ಲಿನಕ್ಸ್. ಕೀಬೋರ್ಡನ್ನು ಅವರು ಬಿಟ್ಟರು. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಲೆಂದು ಸ್ಮಾರ್ಟ್ ಕಾರ್ಡಿನ ಗೂಡನ್ನು ಇಟ್ಟರು. ಓದು ಬಾರದವರಿಗಾಗಿ ಬರಹವನ್ನು ದನಿಯಾಗಿಸುವ ತಂತ್ರಾಂಶವನ್ನೂ ಇಟ್ಟರು. ರಮೇಶ್ ಹರಿಹರನ್ ಅದಕ್ಕೆಂದು ರೂಪಿಸಿದ ‘ಧ್ವನಿ’ ಕನ್ನಡವನ್ನೂ ಓದುತ್ತಿತ್ತು. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಆದರೂ ಅದನ್ನು ಕಟ್ಟಿದವರು ಬಳಸುವವರನ್ನು ಕಣ್ಣ ಮುಂದಿಟ್ಟುಕೊಂಡೇ ಬಿಡಬೇಕಾದ್ದನ್ನು ಬಿಟ್ಟರು, ಉಳಿಸಬೇಕಾದ್ದನ್ನು ಉಳಿಸಿದರು. ಕೇರಳದ ಸರ್ಕಾರಿ ಶಾಲೆಗಳೂ ಸ್ವತಂತ್ರ ತಂತ್ರಾಂಶವನ್ನೇ ನೆಚ್ಚಿ, ಪಾಠಕ್ಕೆ ಬೇಕಾದ ಸಾಧನಗಳನ್ನು ಆರಿಸಿದ ತಮ್ಮದೇ ಲಿನಕ್ಸ್ ಬಳಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಕಂಪ್ಯೂಟರ್ ಪಾಠದ ಪುಸ್ತಕ ಕನ್ನಡದಲ್ಲೇ ಸಿಗುತ್ತದೆ.

ಇಲ್ಲೊಂದು ಎಚ್ಚರಿಕೆ. ಯಾರೋ ಇಳಿಸಿ ಹಂಚುವ ‘ಲೈಟ್’ ವಿಂಡೋಸ್‌ಗಳು ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಓಡಾಡುತ್ತಿರುತ್ತವೆ. ವೇಗ ನೋಡಿ ಮನಸೋಲುವುದು ಸಹಜ. ಆದರೆ ಇಂಥವುಗಳಲ್ಲಿ ಅಪ್‌ಡೇಟಿನ ವ್ಯವಸ್ಥೆಯನ್ನೇ ಕಿತ್ತಿರಬಹುದು, ವೈರಸ್‌ಗೆ ತಡೆ ಇಲ್ಲದಿರಬಹುದು, ಒಳಗೆ ಏನನ್ನು ಸೇರಿಸಿದ್ದಾರೋ ಬಲ್ಲವರಿಲ್ಲ. ಊರಿನವರ ಆಧಾರ್ ಸಂಖ್ಯೆ, ಪಾಸ್‌ಬುಕ್ ನಕಲು ಇರುವ ಅಂಗಡಿಯಲ್ಲಿ ಭದ್ರತೆಯನ್ನು ಹೊರೆಯೆಂದು ತೆಗೆಯುವುದು ಆ ಜನರಿಗೆ ಮಾಡುವ ದ್ರೋಹ. ನುಡಿ, ಟ್ಯಾಲಿ, ಬೆರಳ ಗುರುತು ಓದುವ ಯಂತ್ರಗಳಂಥ ಎಷ್ಟೋ ಸಾಧನಗಳು ವಿಂಡೋಸನ್ನೇ ನಂಬಿಕೊಂಡಿವೆ. ಅಂಥ ಕೆಲಸವಿರುವ ಯಂತ್ರದಲ್ಲಿ ವಿಂಡೋಸನ್ನೇ ಇಟ್ಟುಕೊಂಡು, ಬೇಡದ ಪ್ರೋಗ್ರಾಮುಗಳನ್ನು ತೆಗೆದು, ಆನ್ ಆಗುವಾಗ ತಾವಾಗಿಯೇ ಏಳುವ ಪ್ರೋಗ್ರಾಮುಗಳನ್ನು ನಿಲ್ಲಿಸಿ, ಹಾರ್ಡ್‌ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿದರೂ ಎಷ್ಟೋ ಹಗುರಾಗುತ್ತದೆ.

ಮಾಗಡಿಗೆ ನೆರೆಯ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ 2005ರಿಂದ ‘ಇ-ಪರಿಸರ’ ಎಂಬ ಇ-ತ್ಯಾಜ್ಯ ಘಟಕವಿದೆ. ನಿಜಕ್ಕೂ ಕೆಟ್ಟ ಕಂಪ್ಯೂಟರ್ ಹೋಗಬೇಕಾದ್ದು ಗುಜರಿಯವನ ಬೆಂಕಿಗಲ್ಲ, ಅಂಥ ಘಟಕಕ್ಕೆ. ಆದರೆ ಅದು ಕೊನೆಯ ನಿಲ್ದಾಣ.

ಶಾಲೆಗಳ ಮುಖ್ಯ ಶಿಕ್ಷಕರಲ್ಲಿ, ಎಸ್‌ಡಿಎಂಸಿ ಸದಸ್ಯರಲ್ಲಿ, ಪಂಚಾಯಿತಿಯವರಲ್ಲಿ ನನ್ನ ಮನವಿ ಇಷ್ಟು. ಹಳೆಯ ಕಂಪ್ಯೂಟರುಗಳನ್ನು ಗುಜರಿ ಪಟ್ಟಿಗೆ ಸೇರಿಸುವ ಮುನ್ನ, ಅವುಗಳಿಂದ ನಿಮಗೆ ಆಗಬೇಕಾದ ಕೆಲಸಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಇರುವ ಕಡತಗಳ ನಕಲು ತೆಗೆದಿಟ್ಟುಕೊಳ್ಳಿ. ಹಗುರಾದ ಲಿನಕ್ಸನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿ, ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ. ಇನ್‌ಸ್ಟಾಲ್ ಮಾಡುವ ತನಕ ಹಾರ್ಡ್‌ಡಿಸ್ಕಿನಲ್ಲಿರುವುದು ಹಾಗೇ ಇರುತ್ತದೆ. ಪಟ್ಟಿಯ ಕೆಲಸಗಳೆಲ್ಲ ಕನ್ನಡ ಸಮೇತ ನಡೆದವೆಂದರೆ ಆ ಯಂತ್ರ ಮಕ್ಕಳ ಕೈಯಲ್ಲಿ ಇನ್ನೂ ಕೆಲವು ವರ್ಷ ಇರಲಿ. ಹೊಸದಕ್ಕೆ ಸುರಿಯಬೇಕಾದ ದುಡ್ಡು ಉಳಿಯುತ್ತದೆ, ಶಾಲೆಗೆ ಅದರಿಂದ ಪುಸ್ತಕ ತರಿಸಬಹುದು.